ಪದವಿ ಮುಗಿದಿದೆ, ಪೂರ್ಣಾವಧಿ ಕೆಲಸ ಈಗಲೇ ಬೇಡ: ಯಾವ ದಾರಿ ಯಾರಿಗೆ?

ಕೊನೆಯ ಸೆಮಿಸ್ಟರ್ ಮುಗಿಸಿದವರೆಲ್ಲ ನೇರವಾಗಿ ಕೆಲಸಕ್ಕೆ ಸೇರುವುದಿಲ್ಲ. ಕೆಲವರಿಗೆ ಇನ್ನೂ ಓದಬೇಕೆನ್ನಿಸುತ್ತದೆ, ಕೆಲವರು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುತ್ತಾರೆ, ಇನ್ನು ಕೆಲವರು ಇಂಟರ್ನ್‌ಶಿಪ್ ಹಿಡಿಯುತ್ತಾರೆ. ಸ್ವಯಂಸೇವೆಗೆ ಹೊರಡುವವರಿದ್ದಾರೆ, ಬೇರೆ ದೇಶದಲ್ಲಿ ಪಾಠ ಹೇಳಲು ಹೋಗುವವರಿದ್ದಾರೆ, ಮನೆಯಲ್ಲೇ ಕೂತು ಫ್ರೀಲಾನ್ಸ್ ಮಾಡುವವರಿದ್ದಾರೆ. ಇವುಗಳಲ್ಲಿ ಎರಡು ಮೂರರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಈ ಬರಹ ನಿಮಗಾಗಿ. ಎಲ್ಲರಿಗೂ ಒಪ್ಪುವ ದಾರಿ ಅಂತ ಒಂದಿಲ್ಲ. ಆದರೆ ನಿಮ್ಮ ಹಣ, ವಯಸ್ಸು, ಗುರಿ ಮೂರನ್ನೂ ಮುಂದಿಟ್ಟುಕೊಂಡರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು ಎನ್ನುವುದು ಲೆಕ್ಕ ಹಾಕಿ ತಿಳಿಯುವಂಥದ್ದು.

ತೂಗಲು ಐದು ಅಳತೆ

ಮುಗಿದ ದಿನ ಕೈಯಲ್ಲಿ ಏನಿರುತ್ತದೆ ಎನ್ನುವುದು ಮೊದಲ ಅಳತೆ. ಪದವಿ, ಭಾಷಾ ಮಟ್ಟದ ಪ್ರಮಾಣಪತ್ರ, ಇನ್ನೊಬ್ಬರಿಗೆ ತೋರಿಸಬಹುದಾದ ಮೂರು ಕೆಲಸ, ನಿಮ್ಮನ್ನು ಹತ್ತಿರದಿಂದ ಕಂಡವರ ಶಿಫಾರಸು ಪತ್ರ, ಇವೆಲ್ಲ ಮುಂದಿನ ಅರ್ಜಿಗೆ ಲಗತ್ತಿಸಬಹುದಾದವು. ಹೀಗೆ ಹೆಸರಿಟ್ಟು ಹೇಳಬಹುದಾದ ಒಂದು ವಸ್ತುವೂ ಹೊಳೆಯದಿದ್ದರೆ ಆ ಯೋಜನೆ ಇನ್ನೂ ಹಸಿಯಾಗಿದೆ ಎಂದರ್ಥ.

ಎರಡನೆಯದು ಹಣ. ಇಲ್ಲಿ ಹೆಚ್ಚಿನವರು ಲೆಕ್ಕ ತಪ್ಪುವುದು ಒಂದೇ ಜಾಗದಲ್ಲಿ: ಯೋಜನೆ ಮುಗಿದ ಮೇಲೆ ಕೆಲಸ ಸಿಗುವವರೆಗಿನ ತಿಂಗಳುಗಳನ್ನು ಮರೆಯುತ್ತಾರೆ. ನಿಮ್ಮ ಒಂದು ತಿಂಗಳ ಖರ್ಚನ್ನು ಒಂದು ಪಾಲು ಎಂದಿಟ್ಟುಕೊಳ್ಳಿ. 10 ತಿಂಗಳ ಯೋಜನೆಗೆ 10 ಪಾಲು. ಅರ್ಜಿ ಶುಲ್ಕ, ಪರೀಕ್ಷೆ, ವೀಸಾ, ಪ್ರಯಾಣ, ಠೇವಣಿ ಸೇರಿ ಒಂದು ಸಲದ ಖರ್ಚು ಸುಮಾರು 2 ಪಾಲು. ಕೊನೆಯಲ್ಲಿ ಕೆಲಸ ಹುಡುಕಲು 3 ಪಾಲು. ಒಟ್ಟು 15, ಅದರ ಮೇಲೆ ಶೇಕಡ 15 ಆಪತ್ಧನ ಸೇರಿಸಿದರೆ 17 ದಾಟುತ್ತದೆ. ಅಂದರೆ ಹತ್ತು ತಿಂಗಳ ಯೋಜನೆಗೆ ಬೇಕಿರುವುದು ಹದಿನೇಳು ತಿಂಗಳ ಹಣ. ನಡುವೆ ಸ್ಟೈಪೆಂಡ್ ಬರುವುದಿದ್ದರೆ ಅದನ್ನು ಇದರಿಂದ ಕಳೆಯಿರಿ. ಆದರೆ ಕೈಗೆ ಬರುವುದು ಖಚಿತವಿದ್ದರೆ ಮಾತ್ರ.

ಮೂರನೆಯದು ತಯಾರಿಯ ಕಾಲ. ಕೆಲವು ದಾರಿಗಳಿಗೆ ಮುಂದಿನ ವಾರವೇ ಇಳಿಯಬಹುದು. ಕೆಲವಕ್ಕೆ ಒಂದು ವರ್ಷ ಮೊದಲೇ ಅರ್ಜಿ ಹಾಕಬೇಕು. ನಾಲ್ಕನೆಯದು, ಬಾಗಿಲು ಯಾವಾಗ ಮುಚ್ಚುತ್ತದೆ ಎನ್ನುವುದು: ವಯೋಮಿತಿ, ಎಷ್ಟು ಸಲ ಬರೆಯಬಹುದೆಂಬ ಮಿತಿ, ಅಂಕಪಟ್ಟಿಯ ಅವಧಿ. ಐದನೆಯದು, ಅರ್ಧಕ್ಕೆ ಬಿಟ್ಟರೆ ಏನು ಉಳಿಯುತ್ತದೆ.

ಈ ಐದರಲ್ಲಿ ಜನ ಮೊದಲೆರಡನ್ನು ಮಾತ್ರ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ತಕ್ಕಡಿಯನ್ನು ನಿಜವಾಗಿ ವಾಲಿಸಬೇಕಾದದ್ದು ನಾಲ್ಕನೆಯದು. ಸ್ನಾತಕೋತ್ತರ ಪದವಿಗೆ ಮೂವತ್ತೈದರಲ್ಲೂ ಸೇರಬಹುದು. ಯುವಜನರ ಸ್ವಯಂಸೇವೆ, ಬೇರೆ ದೇಶದಲ್ಲಿ ದುಡಿಯುತ್ತ ತಿರುಗಲು ಕೊಡುವ ವರ್ಕಿಂಗ್ ಹಾಲಿಡೇ ವೀಸಾ ಮುಂತಾದವು ಮೂವತ್ತರ ಆಸುಪಾಸಿನಲ್ಲಿ ಮುಚ್ಚಿಹೋಗುತ್ತವೆ. ಎರಡೂ ಬೇಕೆನ್ನಿಸಿದರೆ ಮೊದಲು ಮುಚ್ಚುವುದನ್ನೇ ಮೊದಲು ಮಾಡಬೇಕು.

ಮುಂದಿನ ಓದು

ಹೆಚ್ಚಿನವರ ಮನಸ್ಸು ಮೊದಲು ಹೊರಳುವುದು ಇತ್ತ. ಕೈಗೆ ಬರುವ ವಸ್ತು ಖಚಿತ, ದಾರಿ ಪರಿಚಿತ, ಮನೆಯವರಿಗೂ ಒಪ್ಪಿಗೆ. ಖರ್ಚು ಮಾತ್ರ ಎಲ್ಲಕ್ಕಿಂತ ಹೆಚ್ಚು. ಹಾಗಾಗಿ 'ಮುಂದೇನು ಎಂದು ಗೊತ್ತಿಲ್ಲ, ಸದ್ಯಕ್ಕೆ ಮಾಸ್ಟರ್ಸ್ ಮಾಡೋಣ' ಎನ್ನುವುದು ಗೊಂದಲ ಕಳೆಯಲು ತೀರ ದುಬಾರಿ ಉಪಾಯ.

ಓದಿನ ಹೊರೆ ಎಷ್ಟೆಂದು ಮೊದಲೇ ತಿಳಿದಿರಲಿ. ಓದಿನ ಹೊರೆಯನ್ನು ಕ್ರೆಡಿಟ್‌ಗಳಲ್ಲಿ ಅಳೆಯುವ ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಪೂರ್ಣಾವಧಿ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ. ವರ್ಷಕ್ಕೆ 1,500ರಿಂದ 1,800 ಗಂಟೆ ಎಂದಾಯಿತು, ಪೂರ್ಣಾವಧಿ ನೌಕರಿಯಷ್ಟೇ. ಜೊತೆಗೆ ವಾರಕ್ಕೆ 20 ಗಂಟೆ ಅರೆಕಾಲಿಕ ಕೆಲಸ ಮಾಡಿ ಖರ್ಚೆಲ್ಲ ತೂಗಿಸುತ್ತೇನೆ ಎಂದುಕೊಂಡವರು ಸಾಮಾನ್ಯವಾಗಿ ಪರೀಕ್ಷೆಯ ತಿಂಗಳಲ್ಲಿ ಸಿಕ್ಕಿಬೀಳುತ್ತಾರೆ. ಅರೆಕಾಲಿಕ ಸಂಪಾದನೆಯನ್ನು ಊಟ, ಓಡಾಟಕ್ಕೆ ಲೆಕ್ಕ ಹಿಡಿಯಿರಿ, ಶುಲ್ಕಕ್ಕೆ ಹಿಡಿಯಬೇಡಿ.

ಸಾಲ ಮಾಡಿ ಓದುವುದಾದರೆ ಬಡ್ಡಿ ಓದಿನ ಕಾಲದಲ್ಲೂ ಬೆಳೆಯುತ್ತಿರುತ್ತದೆ. ವರ್ಷಕ್ಕೆ ಶೇಕಡ 10ರ ಸರಳ ಬಡ್ಡಿ, ಎರಡು ವರ್ಷದ ಓದು, ಆಮೇಲೆ ಆರು ತಿಂಗಳ ಬಿಡುವು ಎಂದರೆ ಆರಂಭದಲ್ಲೇ ತೆಗೆದುಕೊಂಡ 100 ಮೊದಲ ಕಂತಿನ ಹೊತ್ತಿಗೆ 125 ಆಗಿರುತ್ತದೆ. ಶುಲ್ಕದ ಪಟ್ಟಿ ಹೋಲಿಸುವಾಗ ಈ 125ನ್ನೇ ಹೋಲಿಸಿ. ಸಾಲವನ್ನು ಒಟ್ಟಿಗೆ ಪಡೆಯದೆ ಸೆಮಿಸ್ಟರ್‌ಗೆ ಇಷ್ಟೆಂದು ಬಿಡುಗಡೆ ಮಾಡಿಸಿಕೊಂಡರೆ ಬಡ್ಡಿ ತಗ್ಗುತ್ತದೆ.

ಕಡಿಮೆ ಖರ್ಚಿನ ಬಾಗಿಲುಗಳೂ ಇವೆ. ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಜಂಟಿ ಮಾಸ್ಟರ್ಸ್‌ಗೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಕನಿಷ್ಠ ಎರಡು ದೇಶಗಳಲ್ಲಿ ಓದಬೇಕು. ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೊ, ಹೆಚ್ಚೆಂದರೆ 24 ತಿಂಗಳು. ಹೆಚ್ಚಿನ ಕೋರ್ಸ್‌ಗಳ ಅರ್ಜಿ ಅಕ್ಟೋಬರ್‌ನಿಂದ ಜನವರಿಯ ನಡುವೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರ್‌ಗೆ 1,500 ಯೂರೊ ಪಡೆಯುತ್ತಿದೆ. ಆದರೆ 'ಶುಲ್ಕವಿಲ್ಲ' ಎಂಬ ಮಾತಿಗೆ ಮರುಳಾಗಿ ಹೊರಟವರನ್ನು ತಡೆಯುವುದು ವೀಸಾಕ್ಕಾಗಿ ಮೊದಲೇ ತೋರಿಸಬೇಕಾದ ಜೀವನವೆಚ್ಚ: 2024ರ ಸೆಪ್ಟೆಂಬರ್‌ನಿಂದ ಅದು ವರ್ಷಕ್ಕೆ 11,904 ಯೂರೊ.

ಸಂಶೋಧನೆಯೇ ಗುರಿಯಾಗಿದ್ದರೆ ಇನ್ನೊಂದು ಸಂಗತಿ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪದವಿಯಿಂದ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ವಿಜ್ಞಾನ ವಿಭಾಗಗಳಲ್ಲಿ ಶುಲ್ಕ ವಿನಾಯಿತಿಯೂ ಬೋಧನಾ ಸಹಾಯಕರಾಗಿ ಸ್ಟೈಪೆಂಡೂ ಸಿಗುವುದು ರೂಢಿ. ಯುರೋಪಿನ ಹೆಚ್ಚಿನ ಕಡೆ ಮೊದಲು ಮಾಸ್ಟರ್ಸ್ ಬೇಕು. ಹೀಗಾಗಿ ಸಾಲ ಮಾಡಿ ಮಾಸ್ಟರ್ಸ್‌ಗೆ ಹೋಗುವ ಮುನ್ನ, ನಿಮ್ಮ ವಿಷಯದಲ್ಲಿ ಆ ಮೆಟ್ಟಿಲು ಬೇಕೇ ಬೇಕೇ ಎಂದು ನೋಡಿಕೊಳ್ಳಿ.

ಅವಸರ ಬೇಡದ ಕಡೆಗಳೂ ಉಂಟು. ಬ್ರಿಟನ್ನಿನ ಚೀವ್‌ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಕಡ್ಡಾಯ. ವಾರಕ್ಕೆ 28 ಗಂಟೆಯಂತೆ ದುಡಿದರೂ ನೂರು ವಾರ. ಒಳ್ಳೆಯ ಎಂಬಿಎ ತರಗತಿಗಳಲ್ಲಿ ಹೆಚ್ಚಿನವರು ಕೆಲವು ವರ್ಷ ಕೆಲಸ ಮಾಡಿ ಬಂದವರೇ. ಇವೆರಡರ ಮೇಲೆ ಕಣ್ಣಿದ್ದವರು ಪದವಿ ಮುಗಿದ ವರ್ಷವೇ ಅರ್ಜಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಅರ್ಜಿ ಎಲ್ಲಿ ಕೆಡುತ್ತದೆ? ಬಹಳ ಸಲ ಶಿಫಾರಸು ಪತ್ರದಲ್ಲಿ. ಕೊನೆಯ ದಿನಕ್ಕೆ ಒಂದು ವಾರ ಇದ್ದಾಗ ಕೇಳಿದರೆ ಪ್ರಾಧ್ಯಾಪಕರು ಎಲ್ಲರಿಗೂ ಬರೆಯುವ ನಾಲ್ಕು ಸಾಲನ್ನೇ ನಿಮಗೂ ಬರೆಯುತ್ತಾರೆ. ಆರು ವಾರ ಮೊದಲೇ ಕೇಳಿ. ಜೊತೆಗೆ ಒಂದು ಪುಟ ಕೊಡಿ: ಅವರ ಬಳಿ ಓದಿದ ವಿಷಯ, ಬಂದ ಅಂಕ, ಮಾಡಿದ ಪ್ರಾಜೆಕ್ಟ್, ಅರ್ಜಿ ಹಾಕುತ್ತಿರುವ ಕೋರ್ಸ್, ಕೊನೆಯ ದಿನ. ಎರಡನೆಯ ತಪ್ಪು ಪರೀಕ್ಷೆಯ ಅಂಕಗಳ ಅವಧಿಯದು. ಸ್ನಾತಕೋತ್ತರ ಪ್ರವೇಶಕ್ಕೆ ಹಲವು ಕಡೆ ಕೇಳುವ ಜಿಆರ್‌ಇ ಪರೀಕ್ಷೆಯ ಅಂಕ ಐದು ವರ್ಷ ಚಲಾವಣೆಯಲ್ಲಿರುತ್ತದೆ. ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್ ಅಂಕ ಎರಡೇ ವರ್ಷ. ಗಣಿತದ ಕೈ ಚುರುಕಾಗಿರುವಾಗಲೇ ಜಿಆರ್‌ಇ ಬರೆದಿಡಬಹುದು, ಭಾಷಾ ಪರೀಕ್ಷೆಯನ್ನು ಮಾತ್ರ ಅರ್ಜಿಯ ವರ್ಷಕ್ಕೇ ಇಟ್ಟುಕೊಳ್ಳಬೇಕು.

ಕೋರ್ಸ್ ಆರಿಸುವಾಗ ವಿಶ್ವವಿದ್ಯಾಲಯದ ಹೆಸರಿಗಿಂತ ಪಠ್ಯಕ್ರಮದ ಪಟ್ಟಿ ತೆರೆದು ನೋಡಿ. ಪ್ರಬಂಧಕ್ಕೆ ಎಷ್ಟು ಕ್ರೆಡಿಟ್, ಹೊರಗೆ ಇಂಟರ್ನ್‌ಶಿಪ್ ಮಾಡುವ ಸೆಮಿಸ್ಟರ್ ಇದೆಯೇ, ಆಯ್ಕೆಯ ವಿಷಯಗಳು ಪ್ರತಿ ವರ್ಷ ನಡೆಯುತ್ತವೆಯೇ ಅಥವಾ ಪಟ್ಟಿಯಲ್ಲಿ ಮಾತ್ರ ಇವೆಯೇ? ಕೊನೆಯ ಪ್ರಶ್ನೆಯನ್ನು ಈಗ ಓದುತ್ತಿರುವ ಇಬ್ಬರಿಗೆ ಬರೆದು ಕೇಳುವುದೇ ಒಳ್ಳೆಯದು.

ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವುದು

ಈ ದಾರಿಯ ಕಷ್ಟ ಐದನೆಯ ಅಳತೆಯಲ್ಲಿದೆ. ಗೆದ್ದರೆ ಎಲ್ಲವೂ ಸಿಗುತ್ತದೆ. ಒಂದು ಅಂಕದಿಂದ ತಪ್ಪಿದರೆ ಕೈಯಲ್ಲಿ ಕಾಗದದ ಚೂರೂ ಉಳಿಯುವುದಿಲ್ಲ. ಓದಿದ್ದು ವ್ಯರ್ಥ ಎಂದಲ್ಲ. ಅದನ್ನು ಬೇರೆಯವರಿಗೆ ತೋರಿಸುವ ಬಗೆಯಿಲ್ಲ. ಆದ್ದರಿಂದ ಹೊರಡುವ ಮೊದಲೇ ಎರಡು ವಿಷಯ ತೀರ್ಮಾನವಾಗಿರಬೇಕು: ಎಷ್ಟು ಸಲ ಬರೆಯುತ್ತೇನೆ, ಜೊತೆಯಲ್ಲಿ ತೋರಿಸಬಲ್ಲ ಯಾವ ಒಂದು ಕೆಲಸ ಇಟ್ಟುಕೊಳ್ಳುತ್ತೇನೆ. ವಾರಕ್ಕೆ ಹತ್ತು ಗಂಟೆ ಪಾಠ ಹೇಳುವುದೋ, ಅನುವಾದವೋ, ದೂರಶಿಕ್ಷಣದ ಒಂದು ಪದವಿಯೋ ಆಗಬಹುದು. ಹತ್ತು ಗಂಟೆಯಿಂದ ಓದು ಕೆಡುವುದಿಲ್ಲ, ಪರೀಕ್ಷೆ ಕೈಕೊಟ್ಟರೆ ಆ ಹತ್ತು ಗಂಟೆಯೇ ಆಸರೆ.

ಕೂರಬೇಕೋ ಬೇಡವೋ ಎಂದು ತಿಳಿಯಲು ವರ್ಷ ಬೇಕಿಲ್ಲ, ಆರು ವಾರ ಸಾಕು. ಮೊದಲ ವಾರದಲ್ಲೇ ಹಿಂದಿನ ಒಂದು ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಿರಿ. ಅಂಕ ಕಡಿಮೆ ಬರುತ್ತದೆ, ಬರಲಿ. ತಪ್ಪುಗಳನ್ನು ಮೂರು ಗುಂಪು ಮಾಡಿ: ಗೊತ್ತೇ ಇರಲಿಲ್ಲ, ಗೊತ್ತಿದ್ದೂ ಪ್ರಶ್ನೆ ತಪ್ಪಾಗಿ ಓದಿದೆ, ಸಮಯ ಸಾಲಲಿಲ್ಲ. ಐದು ವಾರ ಓದಿ, ಇನ್ನೊಂದು ವರ್ಷದ ಪತ್ರಿಕೆ ಬರೆಯಿರಿ. ಕಳೆದ ಮೂರು ವರ್ಷದ ಕಟ್‌ಆಫ್ ಅಂಕದ ಜೊತೆ ಎರಡನ್ನೂ ಹೋಲಿಸಿ. ಈಗಿನ ಏರಿಕೆಯ ವೇಗದಲ್ಲಿ ಪರೀಕ್ಷೆಯ ದಿನಕ್ಕೆ ಆ ಗೆರೆ ದಾಟುವಿರಾ? ಮೊದಲ ಗುಂಪಿನ ತಪ್ಪು ಕಡಿಮೆಯಾಗುತ್ತಿದ್ದರೆ ಮುಂದುವರಿಯಬಹುದು. ಆರು ವಾರ ಪ್ರಾಮಾಣಿಕವಾಗಿ ಓದಿಯೂ ಅಂಕ ಕದಲದಿದ್ದರೆ, ಪರೀಕ್ಷೆಯನ್ನೋ ಓದುವ ಬಗೆಯನ್ನೋ ಬದಲಿಸುವ ಹೊತ್ತು ಅದು.

ಓದುವ ಬಗೆಯ ಬಗ್ಗೆ ಗಟ್ಟಿಯಾಗಿ ಹೇಳಬಹುದಾದ ಒಂದು ಮಾತಿದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರನ್ನೂ, ಓದಿದ್ದನ್ನು ನೆನಪಿನಿಂದ ಬರೆದು ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರನ್ನೂ ಹೋಲಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮರು ಓದಿದವರು ಮುಂದಿದ್ದರು; ಒಂದು ವಾರದ ನಂತರ ಪರೀಕ್ಷಿಸಿಕೊಂಡವರು ಮುಂದಿದ್ದರು. ಬಣ್ಣಬಣ್ಣದ ಗೆರೆ ಎಳೆದು ಮೂರು ಸಲ ಓದಿದ ದಿನ 'ಎಲ್ಲ ಬಂತು' ಅನ್ನಿಸುವುದೂ, ಪರೀಕ್ಷೆಯ ಕೊಠಡಿಯಲ್ಲಿ ಅದು ಮಾಯವಾಗುವುದೂ ಇದರಿಂದಲೇ. ಒಂದು ಪಾಠ ಓದಿದ ಮರುದಿನ, ವಾರದ ನಂತರ, ಮೂರು ವಾರದ ನಂತರ ಪುಸ್ತಕ ಮುಚ್ಚಿ ಬರೆದು ನೋಡಿ.

ಎರಡನೆಯ ಪ್ರಯತ್ನ ಮೊದಲಿನದರ ನಕಲಾಗುವುದು ಈ ದಾರಿಯ ದೊಡ್ಡ ಅಪಾಯ. ಅದೇ ಪುಸ್ತಕ, ಅದೇ ವೇಳಾಪಟ್ಟಿ, ಅದೇ ಗೆಳೆಯರ ಗುಂಪು, ಅದೇ ಫಲಿತಾಂಶ. ಏನನ್ನು ಬದಲಿಸುತ್ತೀರಿ ಎಂದು ಕಾಗದದ ಮೇಲೆ ಮೂರು ಸಾಲು ಬರೆಯಲಾಗದಿದ್ದರೆ ಮತ್ತೊಂದು ವರ್ಷ ಕೊಡಬೇಡಿ.

ಇಂಟರ್ನ್‌ಶಿಪ್, ಅಪ್ರೆಂಟಿಸ್, ಸಂಶೋಧನಾ ಸಹಾಯಕ

ಮೂರೂ ಒಂದೇ ಎನ್ನುವಂತೆ ಮಾತಾಡುತ್ತೇವೆ, ಹಾಗಲ್ಲ. ಅಪ್ರೆಂಟಿಸ್‌ಗೆ ಲಿಖಿತ ಒಪ್ಪಂದ, ತರಬೇತಿಯ ಪಟ್ಟಿ, ಕೊನೆಯಲ್ಲಿ ಪ್ರಮಾಣಪತ್ರ ಇರುತ್ತದೆ; ಜರ್ಮನಿಯ ದ್ವಿಮುಖ ತರಬೇತಿಯಂಥದ್ದು (ಸಂಸ್ಥೆಯಲ್ಲಿ ಕೆಲಸ, ವೃತ್ತಿಶಾಲೆಯಲ್ಲಿ ಪಾಠ) 2ರಿಂದ 3.5 ವರ್ಷ ಹಿಡಿಯುತ್ತದೆ. ಇಂಟರ್ನ್‌ಶಿಪ್ ಚಿಕ್ಕದು, ಗುಣಮಟ್ಟ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಸಂಶೋಧನಾ ಸಹಾಯಕರ ಹುದ್ದೆ ಪಿಎಚ್‌ಡಿಯ ಕನಸಿರುವವರಿಗೆ ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಪ್ರಯೋಗ ಕೆಟ್ಟಾಗ, ದತ್ತಾಂಶ ಅಳಿಸಿಹೋದಾಗ, ಲೇಖನ ತಿರಸ್ಕೃತವಾದಾಗ ಈ ಬದುಕು ನಿಮಗೆ ಹಿಡಿಸುತ್ತದೆಯೇ ಎಂದು ಒಂದು ವರ್ಷದಲ್ಲಿ ತಿಳಿಯುತ್ತದೆ, ಜೊತೆಗೆ ತಕ್ಕಮಟ್ಟಿನ ಸ್ಟೈಪೆಂಡ್ ಸಿಗುತ್ತದೆ.

ಇಂಟರ್ನ್‌ಶಿಪ್ ಒಪ್ಪಿಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ. ನನ್ನ ಕೆಲಸ ದಿನವೂ ನೋಡುವವರು ಯಾರು? ಮುಗಿಯುವ ಹೊತ್ತಿಗೆ ನಾನು ಏನು ಮಾಡಿ ಮುಗಿಸಿರಬೇಕು? ಅದನ್ನು ಹೊರಗೆ ತೋರಿಸಬಹುದೇ? ಪ್ರಮಾಣಪತ್ರದಲ್ಲಿ ಬರಿಯ ಹಾಜರಾತಿ ಇರುತ್ತದೆಯೋ, ಮಾಡಿದ ಕೆಲಸದ ವಿವರವೂ ಇರುತ್ತದೆಯೋ? ಮೊದಲ ಪ್ರಶ್ನೆಗೇ 'ನೋಡೋಣ' ಎಂಬ ಉತ್ತರ ಬಂದರೆ ಆ ಜಾಗ ಬಿಡಿ. ಸಂಬಳವಿಲ್ಲದ ಇಂಟರ್ನ್‌ಶಿಪ್ ಮೂರು ತಿಂಗಳಿಗಿಂತ ಹೆಚ್ಚು ಬೇಡ. ನಿಮ್ಮಿಂದ ಹಣ ಕೇಳುವ ಇಂಟರ್ನ್‌ಶಿಪ್ ಬೇಡವೇ ಬೇಡ.

ಸಾಫ್ಟ್‌ವೇರ್ ಬಲ್ಲವರಿಗೆ ಮನೆಯಿಂದಲೇ ಮಾಡಬಹುದಾದ ಒಳ್ಳೆಯ ಬಾಗಿಲು ಗೂಗಲ್ ಸಮ್ಮರ್ ಆಫ್ ಕೋಡ್. 2005ರಲ್ಲಿ ವಿದ್ಯಾರ್ಥಿಗಳಿಗಾಗಿ ಆರಂಭವಾಯಿತು. 2022ರಿಂದ ಮುಕ್ತ ತಂತ್ರಾಂಶಕ್ಕೆ ಹೊಸಬರಾದ, 18 ತುಂಬಿದ ಎಲ್ಲರಿಗೂ ತೆರೆದಿದೆ. ಯೋಜನೆಗಳು ಸುಮಾರು 90, 175 ಅಥವಾ 350 ಗಂಟೆಯವು, ಸ್ಟೈಪೆಂಡ್ ಉಂಟು, ಮಾರ್ಗದರ್ಶಕರು ಇರುತ್ತಾರೆ, ಬರೆದ ಕೋಡ್ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಮೊದಲ ಅಳತೆಯಲ್ಲಿ ಇದಕ್ಕೆ ಪೂರ್ಣ ಅಂಕ. ಸೋಲುವವರು ಸಾಮಾನ್ಯವಾಗಿ ಅರ್ಜಿಯ ವಾರ ಬಂದು ಉದ್ದದ ಪ್ರಸ್ತಾವ ಬರೆದವರು. ಆಯ್ಕೆಯಾಗುವವರು ಎರಡು ತಿಂಗಳು ಮೊದಲೇ ಆ ಯೋಜನೆಯ ಸಣ್ಣ ದೋಷಗಳನ್ನು ಸರಿಪಡಿಸಿ ಮಾರ್ಗದರ್ಶಕರಿಗೆ ಪರಿಚಿತರಾದವರು.

ಸ್ವಯಂಸೇವೆ

ಹಣ ತರುವ ದಾರಿಯಲ್ಲ, ಆದರೆ ಒಳ್ಳೆಯ ಕಾರ್ಯಕ್ರಮವಾದರೆ ಹಣ ತಿನ್ನುವ ದಾರಿಯೂ ಅಲ್ಲ. ಇಲ್ಲಿ ವಯಸ್ಸು, ಪೌರತ್ವ ಎರಡನ್ನೂ ಮೊದಲು ನೋಡಬೇಕು. ಅಮೆರಿಕದ ಪೀಸ್ ಕೋರ್ 1961ರಿಂದ ನಡೆಯುತ್ತಿದೆ. ತರಬೇತಿ ಸೇರಿ 27 ತಿಂಗಳು. ಆ ದೇಶದ ಪೌರರಿಗೆ ಮಾತ್ರ. ಯುರೋಪಿಯನ್ ಸಾಲಿಡಾರಿಟಿ ಕೋರ್‌ನ ಸಾಮಾನ್ಯ ಸ್ವಯಂಸೇವೆ 18ರಿಂದ 30 ವಯಸ್ಸಿನವರಿಗೆ, ಹೆಚ್ಚೆಂದರೆ 12 ತಿಂಗಳು. ಪ್ರಯಾಣ, ವಸತಿ, ಊಟ, ವಿಮೆ, ಕೈಖರ್ಚು ಕೊಡುತ್ತಾರೆ. ಒಕ್ಕೂಟದ ದೇಶಗಳು ಮತ್ತು ಜೊತೆಗೂಡಿದ ಕೆಲವು ದೇಶಗಳವರಿಗಷ್ಟೇ. ಜರ್ಮನಿಯ ಸ್ವಯಂಪ್ರೇರಿತ ಸಾಮಾಜಿಕ ವರ್ಷಕ್ಕೆ 27 ತುಂಬಿರಬಾರದು. 6ರಿಂದ 18 ತಿಂಗಳು. ಹೊರದೇಶದವರೂ ವೀಸಾ ಪಡೆದು ಸೇರುತ್ತಾರೆ, ಭಾಷೆ ಒಂದಷ್ಟು ಬರಬೇಕು. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮವನ್ನು ಸಾಮಾನ್ಯ ಸಭೆ 1970ರಲ್ಲಿ ಸ್ಥಾಪಿಸಿತು. ಅದರಲ್ಲಿ ಮನೆಯಿಂದಲೇ ಅಂತರ್ಜಾಲದ ಮೂಲಕ ಮಾಡುವ ಕೆಲಸಗಳೂ ಇವೆ. ಪೌರತ್ವ, ವೀಸಾ ಅಡ್ಡಬರುವವರಿಗೆ ಅದು ಒಳ್ಳೆಯ ಆರಂಭ.

ಸಾವಿರಾರು ರೂಪಾಯಿಯೋ ಡಾಲರೋ ಪಡೆದು ಎರಡು ವಾರ ಅನಾಥಾಲಯದಲ್ಲಿ ಮಕ್ಕಳ ಜೊತೆ ಇರಲು ಕರೆದೊಯ್ಯುವ ಪ್ರವಾಸಗಳಿಂದ ದೂರವಿರಿ. ಮಕ್ಕಳು ಹದಿನೈದು ದಿನಕ್ಕೊಬ್ಬರಿಗೆ ಅಂಟಿಕೊಂಡು ಕಳೆದುಕೊಳ್ಳುವುದು ಅವರಿಗೆ ನೋವು. ನಿಮ್ಮ ಹಿನ್ನೆಲೆ ವಿಚಾರಿಸದೆ ಮಕ್ಕಳ ಬಳಿ ಬಿಡುವ ಸಂಸ್ಥೆ ಬೇರೆ ಯಾರನ್ನು ಬೇಕಾದರೂ ಬಿಡುತ್ತದೆ. ಒಳ್ಳೆಯ ಕಾರ್ಯಕ್ರಮದ ಗುರುತು ಸರಳ: ಅವರು ನಿಮ್ಮನ್ನು ಸಂದರ್ಶಿಸುತ್ತಾರೆ, ಕೆಲಸದ ವಿವರ ಲಿಖಿತವಾಗಿ ಕೊಡುತ್ತಾರೆ, ವಿಮೆ ಮಾಡಿಸುತ್ತಾರೆ, ನೀವು ಹೋದ ಮೇಲೆ ಆ ಕೆಲಸ ಯಾರು ಮುಂದುವರಿಸುತ್ತಾರೆ ಎಂದು ಹೇಳಬಲ್ಲರು.

ಬೇರೆ ದೇಶದಲ್ಲಿ ಪಾಠ, ಇಲ್ಲವೇ ದುಡಿಯುತ್ತ ತಿರುಗಾಟ

ಇಂಗ್ಲಿಷ್ ಕಲಿಸಲು ಹೋಗುವವರಿಗೆ ಹೆಚ್ಚು ಮನ್ನಣೆಯಿರುವ ಪ್ರಮಾಣಪತ್ರ ಸೆಲ್ಟಾ. ಕನಿಷ್ಠ 120 ಗಂಟೆಗಳ ತರಬೇತಿ, ಅದರಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ 6 ಗಂಟೆ ಪಾಠ. ಪೂರ್ಣಾವಧಿಯಾದರೆ ನಾಲ್ಕೈದು ವಾರ. ಪಾಠದ ಅಭ್ಯಾಸವೇ ಇಲ್ಲದ, ವಿಡಿಯೊ ನೋಡಿ ಮುಗಿಸುವ '120 ಗಂಟೆ' ಕೋರ್ಸ್‌ಗಳೂ ಅದೇ ಸಂಖ್ಯೆ ಹೇಳಿಕೊಳ್ಳುತ್ತವೆ. ಸಂಖ್ಯೆಯನ್ನಲ್ಲ, ಎಷ್ಟು ಗಂಟೆ ತರಗತಿಯಲ್ಲಿ ನಿಂತು ಕಲಿಸುತ್ತೀರಿ ಎಂದು ಕೇಳಿ. ಹೊರದೇಶದವರನ್ನು ಶಾಲೆಗಳಲ್ಲಿ ಭಾಷೆ ಕಲಿಸಲು ಕರೆಸುವ ಜಪಾನಿನ ಜೆಟ್ ಕಾರ್ಯಕ್ರಮ 1987ರಲ್ಲಿ ಶುರುವಾದದ್ದು, ಪದವಿ ಬೇಕು, ಒಪ್ಪಂದ ಒಂದು ವರ್ಷದ್ದು, ಒಟ್ಟು ಐದು ವರ್ಷದವರೆಗೆ ಮುಂದುವರಿಸಬಹುದು. ಯಾವ ದೇಶಗಳಿಂದ ಎಷ್ಟು ಮಂದಿ ಎನ್ನುವುದು ವರ್ಷ ವರ್ಷ ಬದಲಾಗುತ್ತದೆ. ಅರ್ಜಿಯಿಂದ ವಿಮಾನ ಹತ್ತುವವರೆಗೆ ಅರ್ಧ ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯುತ್ತದೆ.

ವರ್ಕಿಂಗ್ ಹಾಲಿಡೇ ವೀಸಾ ಬಹುತೇಕ 18ರಿಂದ 30ರವರಿಗೆ. ಆಸ್ಟ್ರೇಲಿಯಾ ಈ ಪದ್ಧತಿಯನ್ನು 1975ರಲ್ಲಿ ತಂದಿತು. ಮೊದಲ ವೀಸಾ 12 ತಿಂಗಳಿಗೆ; ಒಬ್ಬ ಮಾಲೀಕರ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ; ಕೈಯಲ್ಲಿ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಇದೆಯೆಂದು ತೋರಿಸಬೇಕು. ಭಾರತ, ಚೀನಾ, ವಿಯೆಟ್ನಾಂ ಪೌರರಿಗೆ 2024ರಿಂದ ಚೀಟಿ ಎತ್ತುವ ಪದ್ಧತಿ ಇರುವುದರಿಂದ ಇದೊಂದನ್ನೇ ನಂಬಿ ವರ್ಷದ ಯೋಜನೆ ಕಟ್ಟಬೇಡಿ. ಹೆಸರು ಹಾಕಿ ಬೇರೆ ದಾರಿಯ ತಯಾರಿ ನಡೆಸಿ. ಹೊಲದಲ್ಲಿ, ಹೋಟೆಲಿನಲ್ಲಿ ಮಾಡಿದ ಕೆಲಸ ನಿಮ್ಮ ಓದಿಗೆ ನೇರವಾಗಿ ಸೇರುವುದಿಲ್ಲ. ಭಾಷೆ, ಧೈರ್ಯ, ಸ್ವಲ್ಪ ಉಳಿತಾಯ ಸಿಗುತ್ತದೆ. ಅಷ್ಟು ಸಾಕೆನ್ನಿಸಿದರೆ ಹೋಗಿ.

ಫ್ರೀಲಾನ್ಸ್ ಮತ್ತು ಅರೆಕಾಲಿಕ ಕೆಲಸ

ಕೈಯಲ್ಲಿ ಹಣವಿಲ್ಲದವರಿಗೆ, ಮನೆ ಬಿಟ್ಟು ಹೋಗಲಾಗದವರಿಗೆ, ಬೇರೆ ತಯಾರಿಯ ಜೊತೆಗೆ ಸಂಪಾದನೆ ಬೇಕಾದವರಿಗೆ ಇದು ಹೊಂದುತ್ತದೆ. ಅನುವಾದ, ವಿನ್ಯಾಸ, ಪಾಠ, ವಿಡಿಯೊ ಸಂಕಲನ, ಲೆಕ್ಕಪತ್ರ, ಕೋಡಿಂಗ್, ಯಾವುದೇ ಇರಲಿ, ಮುಗ್ಗರಿಸುವುದು ದರದಲ್ಲಿ. ತಿಂಗಳಿಗೆ 160 ಗಂಟೆ ಕೂತರೂ ಹಣ ಕೊಡುವ ಗಂಟೆಗಳು 80ರಿಂದ 100 ಮಾತ್ರ ಎಂದಿಟ್ಟುಕೊಳ್ಳಿ. ಉಳಿದದ್ದು ಕೆಲಸ ಹುಡುಕಲು, ಮಾತುಕತೆಗೆ, ತಿದ್ದುಪಡಿಗೆ, ಬಾಕಿ ವಸೂಲಿಗೆ ಹೋಗುತ್ತದೆ. ನಿಮ್ಮ ತಿಂಗಳ ಖರ್ಚನ್ನು 1.3ರಿಂದ ಗುಣಿಸಿ (ತೆರಿಗೆ, ಸಲಕರಣೆ, ಹುಷಾರಿಲ್ಲದ ದಿನ), 80ರಿಂದ ಭಾಗಿಸಿ. ಬಂದದ್ದು ಗಂಟೆಯ ಕನಿಷ್ಠ ದರ. ಅದಕ್ಕಿಂತ ಕಡಿಮೆಗೆ ಒಪ್ಪಿದರೆ ಕೆಲಸ ಹೆಚ್ಚಾದಷ್ಟೂ ಕೈ ಬರಿದಾಗುತ್ತದೆ.

ಯಾವ ಕೆಲಸವೂ ಒಂದು ಪುಟದ ಒಪ್ಪಂದವಿಲ್ಲದೆ ಬೇಡ. ಏನು ಕೊಡುತ್ತೀರಿ, ಯಾವತ್ತು ಕೊಡುತ್ತೀರಿ, ಎಷ್ಟು ಸಲ ತಿದ್ದಿಕೊಡುತ್ತೀರಿ (ಎರಡು ಸಲ ಸಾಕು), ಮುಂಗಡ ಎಷ್ಟು, ಉಳಿದದ್ದು ಎಷ್ಟು ದಿನದೊಳಗೆ. ಮುಂಗಡ ಶೇಕಡ 30ಕ್ಕೆ ಇಳಿಯದಿರಲಿ. ಒಬ್ಬನೇ ಗಿರಾಕಿಯಿಂದ ಅರ್ಧಕ್ಕಿಂತ ಹೆಚ್ಚು ಆದಾಯ ಬರುತ್ತಿದ್ದರೆ ಆತ ನಿಂತ ದಿನ ನೀವೂ ನಿಲ್ಲುತ್ತೀರಿ, ಹಾಗಾಗಿ ಎರಡನೆಯವರನ್ನು ಈಗಲೇ ಹುಡುಕಿ. ಬಿಲ್‌ಗಳನ್ನು ಅನುಕ್ರಮ ಸಂಖ್ಯೆ ಹಾಕಿ ಜೋಡಿಸಿಡಿ. ಮುಂದೆ ಕೆಲಸದ ಅನುಭವ ತೋರಿಸಬೇಕಾದಾಗ ನಿಮಗಿರುವ ದಾಖಲೆ ಅದೇ.

ಸ್ವಂತ ಉದ್ಯಮದ ಆಸೆಯಿದ್ದವರಿಗೂ ನನ್ನ ಸಲಹೆ ಇಲ್ಲಿಂದ ಹೊರಡಿ ಎನ್ನುವುದೇ. ಹಣ ಕೊಡುವ ಹತ್ತು ಗಿರಾಕಿಗಳು ಸಿಗುವ ಮುನ್ನ ಕಚೇರಿ, ನೋಂದಣಿ, ಪಾಲುದಾರಿಕೆ ಯಾವುದಕ್ಕೂ ಕೈ ಹಾಕಬೇಡಿ.

ಹೊಸ ಭಾಷೆ, ಹೊಸ ಕೌಶಲ

ಇಲ್ಲಿ ಗಂಟೆಗಳ ಲೆಕ್ಕವೇ ಎಲ್ಲ. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯ ಅಂದಾಜಿನಂತೆ, ಇಂಗ್ಲಿಷ್ ಮಾತಾಡುವವರು ಸ್ಪ್ಯಾನಿಷ್‌ನಂಥ ಹತ್ತಿರದ ಭಾಷೆಯಲ್ಲಿ ವೃತ್ತಿಗೆ ಬೇಕಾದ ಮಟ್ಟ ಮುಟ್ಟಲು ಸುಮಾರು 600ರಿಂದ 750 ತರಗತಿ ಗಂಟೆ ಬೇಕು. ಜಪಾನಿ, ಚೀನಿ, ಅರಬಿ, ಕೊರಿಯನ್‌ಗೆ 2,200. ವಾರಕ್ಕೆ 15 ಗಂಟೆಯಂತೆ 40 ವಾರ ಕಲಿತರೆ 600 ಗಂಟೆ. ಒಂದು ವರ್ಷದಲ್ಲಿ ಮೊದಲ ಗುಂಪಿನ ಭಾಷೆ ಕೆಲಸಕ್ಕೆ ಬರುವಷ್ಟಾಗುತ್ತದೆ, ಎರಡನೆಯದರಲ್ಲಿ ಕಾಲುಭಾಗ ದಾರಿ. ಕನ್ನಡಿಗರಿಗೆ ಜಪಾನಿಯ ವಾಕ್ಯರಚನೆ, ಕ್ರಿಯಾಪದ ಕೊನೆಗೆ ಬರುವ ರೀತಿ ಅಷ್ಟು ಹೊಸದಲ್ಲ, ಆದರೆ ಲಿಪಿಯ ಹೊರೆ ಎಲ್ಲರಿಗೂ ಒಂದೇ. ಪರೀಕ್ಷೆಗೆ ಹೆಸರು ನೋಂದಾಯಿಸಿಯೇ ಶುರುಮಾಡಿ. ದಿನಾಂಕವಿಲ್ಲದ ಕಲಿಕೆ ಮೂರನೆಯ ತಿಂಗಳಿಗೆ ತಣ್ಣಗಾಗುತ್ತದೆ.

ಬರಿಯ ವಿಶ್ರಾಂತಿ, ಅಥವಾ ಮನೆಯಲ್ಲಿ ಯಾರದೋ ಆರೈಕೆ

ದಣಿದಿದ್ದರೆ ವಿಶ್ರಾಂತಿ ಬೇಕು, ಅದಕ್ಕೆ ಬೇರೆ ಹೆಸರಿಡುವ ಅಗತ್ಯವಿಲ್ಲ. ಆರು ವಾರ ಎಂದು ದಿನಾಂಕ ಹಾಕಿ ಮನೆಯವರಿಗೂ ಹೇಳಿ. ಆರೈಕೆಯ ಹೊಣೆ ಇದ್ದವರಿಗೆ ವಾರಕ್ಕೆ ಐದಾರು ಗಂಟೆಯ ಯಾವುದಾದರೊಂದು ತೋರಿಸಬಲ್ಲ ಕೆಲಸ ಜೊತೆಗಿದ್ದರೆ ಒಳ್ಳೆಯದು. ಆಗದಿದ್ದರೆ ಮುಂದೆ ಸಂದರ್ಶನದಲ್ಲಿ ಇದ್ದದ್ದನ್ನು ಒಂದೇ ಸಾಲಿನಲ್ಲಿ ನೇರವಾಗಿ ಹೇಳಿದರೆ ಸಾಕು.

ನಿಮ್ಮ ಸ್ಥಿತಿಗೆ ಯಾವುದು

ಉಳಿತಾಯ ಮೂರು ಪಾಲಿಗಿಂತ ಕಡಿಮೆಯಿದ್ದರೆ ಫ್ರೀಲಾನ್ಸ್, ಸ್ಟೈಪೆಂಡ್ ಇರುವ ಅಪ್ರೆಂಟಿಸ್, ಸಂಶೋಧನಾ ಸಹಾಯಕ, ಈ ಮೂರರಿಂದ ಆರಿಸಿ. ಉಳಿದವು ಆರು ತಿಂಗಳ ನಂತರದ ಮಾತು. ಓದಿನ ಸಾಲದ ಕಂತು ಆಗಲೇ ಶುರುವಾಗಿದ್ದರೆ ಎರಡನೆಯ ಸಾಲ ಬೇಡ. ಸಂಶೋಧನೆಯ ಒಲವು ಇದೆ ಆದರೆ ಖಾತ್ರಿಯಿಲ್ಲ ಎನ್ನುವವರು ಮಾಸ್ಟರ್ಸ್‌ಗೆ ಮುನ್ನ ಒಂದು ವರ್ಷ ಪ್ರಯೋಗಾಲಯದಲ್ಲಿ ಕಳೆಯಲಿ. ವಿಷಯವನ್ನೇ ಬದಲಿಸಬೇಕೆಂದಿದ್ದವರು ಮೂರು ತಿಂಗಳ ಇಂಟರ್ನ್‌ಶಿಪ್ ಮಾಡಿ ಆಮೇಲೆ ಕೋರ್ಸ್ ಹುಡುಕಲಿ. 25 ದಾಟಿದೆ, ಜರ್ಮನಿಯ ಸ್ವಯಂಸೇವಾ ವರ್ಷ ಮತ್ತು ಮಾಸ್ಟರ್ಸ್ ಎರಡೂ ಬೇಕು ಎನ್ನುವವರಿಗೆ ಅನುಮಾನವೇ ಬೇಡ, ಮೊದಲು ಸ್ವಯಂಸೇವೆ. ಅಲ್ಲಿ ಕಲಿತ ಭಾಷೆ ಮುಂದಿನ ಅರ್ಜಿಗೂ ಕೆಲಸಕ್ಕೆ ಬರುತ್ತದೆ.

ಇನ್ನೂ ಎರಡರ ನಡುವೆ ಸಿಕ್ಕಿಕೊಂಡಿದ್ದರೆ ಎರಡನ್ನೂ ಎರಡೆರಡು ವಾರ ಮಾಡಿ ನೋಡಿ. ಪರೀಕ್ಷೆಯಾದರೆ ನಿಜವಾದ ವೇಳಾಪಟ್ಟಿಯಲ್ಲಿ ಓದಿ, ಫ್ರೀಲಾನ್ಸ್ ಆದರೆ ಒಂದು ಸಣ್ಣ ಕೆಲಸ ಹಣಕ್ಕೆ ಮಾಡಿಕೊಡಿ, ಪಾಠವಾದರೆ ನಾಲ್ಕು ಮಕ್ಕಳಿಗೆ ಕಲಿಸಿ. ಎರಡನೆಯ ವಾರದ ಕೊನೆಗೆ ಯಾವುದನ್ನು ಯಾರೂ ಹೇಳದೆ ಮುಂದುವರಿಸಿದಿರಿ ಎಂದು ಗಮನಿಸಿ. ಆರಿಸಿದ ಮೇಲೆ ಮೂರು ದಿನಾಂಕ ಬರೆದಿಡಿ: ಶುರುವಾಗುವ ದಿನ, ನಡುವೆ ಒಮ್ಮೆ ನಿಂತು ಪರಿಶೀಲಿಸುವ ದಿನ, ಏನೇ ಆದರೂ ನಿಲ್ಲಿಸುವ ದಿನ.

ಯಾವ ದಾರಿ ಹಿಡಿದರೂ ಮೊದಲು ಮುಚ್ಚುವ ಬಾಗಿಲು ನಿಮ್ಮ ಕಾಲೇಜಿನದ್ದೇ, ಆದ್ದರಿಂದ ಈ ವಾರವೇ ಅಲ್ಲಿಗೆ ಹೋಗಿ ಬನ್ನಿ. ಎಲ್ಲ ಸೆಮಿಸ್ಟರ್‌ಗಳ ಕ್ರೋಡೀಕೃತ ಅಂಕಪಟ್ಟಿಯ ದೃಢೀಕೃತ ಪ್ರತಿ ಐದಾದರೂ ಮುಚ್ಚಿದ ಲಕೋಟೆಯಲ್ಲಿ ಪಡೆಯಿರಿ. ಪಠ್ಯಕ್ರಮದ ಪ್ರತಿ ಇಟ್ಟುಕೊಳ್ಳಿ; ಕ್ರೆಡಿಟ್ ಹೋಲಿಸುವಾಗ ಹೊರಗಿನ ವಿಶ್ವವಿದ್ಯಾಲಯಗಳು ಅದನ್ನೇ ಕೇಳುತ್ತವೆ. ಹೊರದೇಶಕ್ಕಾದರೆ ಪದವಿ ಪತ್ರಕ್ಕೆ, ಅದು ಅಸಲಿ ಎಂದು ಸರ್ಕಾರ ದೃಢೀಕರಿಸುವ ಅಪೊಸ್ಟಿಲ್ ಮುದ್ರೆ ಬೇಕಾಗಬಹುದು. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅದು ನಡೆಯುತ್ತದೆ, ಮುದ್ರೆಗೆ ವಾರಗಟ್ಟಲೆ ಹಿಡಿಯುವುದುಂಟು. ಕಾಲೇಜಿನ ಇಮೇಲ್ ವಿಳಾಸ ನಿಂತುಹೋಗುವ ಮೊದಲು ಅದಕ್ಕೆ ಜೋಡಿಸಿದ ಖಾತೆಗಳನ್ನೆಲ್ಲ ಸ್ವಂತ ವಿಳಾಸಕ್ಕೆ ಬದಲಿಸಿ, ಪ್ರಾಜೆಕ್ಟ್ ಕಡತಗಳನ್ನು ಇಳಿಸಿಕೊಳ್ಳಿ. ಮುಂದೆ ಶಿಫಾರಸು ಬರೆಯಬಲ್ಲ ಇಬ್ಬರು ಪ್ರಾಧ್ಯಾಪಕರನ್ನು ಕಂಡು, ಆ ಹೊಸ ವಿಳಾಸವನ್ನು ಅವರ ಕೈಗೆ ಕೊಟ್ಟು ಬನ್ನಿ.